ಗಣಿತದ ಮೇಡಂ ತಲೆಯೊಳಗಿನ ನಾಲ್ಕು ಚುಕ್ಕೆ

ಎಂಆರ್‌ಐ ಚಿತ್ರಗಳನ್ನು ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತಿದ್ದಾಗ ಮೊದಲು ಸಿಕ್ಕಿದ್ದು ಹಿಂಭಾಗದ ಗಂಟು. ಮೈಯ ಸಮತೋಲ ಕಾಯುವ ಅನುಮಸ್ತಿಷ್ಕದ ಬಲಕ್ಕೆ, ನೆಲ್ಲಿಕಾಯಿ ಗಾತ್ರದಲ್ಲಿ, ಬೆಳ್ಳಗೆ ಹೊಳೆಯುತ್ತ ಕೂತಿತ್ತು. ಸುತ್ತಲೂ ಬಾವು. ಮೇಲಕ್ಕೆ ಸರಿದಂತೆ ಬಟಾಣಿಯಷ್ಟರವು ಎರಡು. ಕೊನೆಗೆ, ಬಲಗೈಯನ್ನು ಆಡಿಸುವ ಭಾಗದ ಅಂಚಿನಲ್ಲೇ, ತೊಗರಿಕಾಳಿನಂಥ ನಾಲ್ಕನೆಯದು. ಆ ಮಿದುಳಿನ ಒಡತಿ ಹೊರಗೆ ಬೆಂಚಿನ ಮೇಲೆ ಕೂತು ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದರು.

ಅವರು ಹುಳಿಯಾರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವರು. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ, ಕೀಮೋ, ಕಿರಣ ಚಿಕಿತ್ಸೆ ಎಲ್ಲವನ್ನೂ ಮುಗಿಸಿ ಮತ್ತೆ ಪಾಠಕ್ಕೆ ಹೋಗಿದ್ದರು. ಕಿರಣ ಕೊಟ್ಟವಳು ನಾನೇ. ನಾನಿರುವುದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಾದರೂ ವಾರಕ್ಕೊಮ್ಮೆ ತಿಪಟೂರಿಗೆ ಬಂದು ಒಂದು ನರ್ಸಿಂಗ್ ಹೋಮಿನಲ್ಲಿ ಕೂರುತ್ತೇನೆ. ನಾನು ತುರುವೇಕೆರೆ ಕಡೆಯವಳು. ಈ ದಾರಿಯಲ್ಲಿ ಓಡಾಡುವುದು ನನಗೆ ಕೆಲಸ ಅನ್ನಿಸುವುದಿಲ್ಲ. ಹಿಂದಿನ ವಾರ ಅಲ್ಲಿಗೆ ಬಂದಿದ್ದ ಅವರ ಯಜಮಾನರು ಕೈ ಕಟ್ಟಿ ನಿಂತು ಹೇಳಿದ್ದರು.

"ಡಾಕ್ಟ್ರಮ್ಮಾ, ಬೆಳಗ್ಗೆ ಎದ್ದೇಟ್ಗೆ ತಲೆನೋವು ಅಂತಾಳೆ, ವಾಂತಿ ಮಾಡ್ಕಂತಾಳೆ. ನಡೆಯುವಾಗ ಬಲಕ್ಕೆ ವಾಲ್ತಾಳೆ. ಪಿತ್ತ ಕಣ್ರೀ ಅಂತಾಳೆ ಇವಳು. ನಂಗ್ಯಾಕೋ ಅನುಮಾನ."

ಅವರು ಹುಳಿಯಾರಿನ ಪಕ್ಕದ ಕೆಂಕೆರೆಯಲ್ಲಿ ತೆಂಗಿನ ತೋಟ ಮಾಡಿಕೊಂಡಿರುವವರು. ಮಾತು ಕಡಿಮೆ. ಅವರ ಅನುಮಾನವೇ ನಿಜವಾಗಿತ್ತು. ಮೈಯ ಸ್ಕ್ಯಾನ್‌ನಲ್ಲಿ ಕತ್ತಿನ ಎಡಬದಿಯ ಬುಡದಲ್ಲೂ ಒಂದು ಗಂಟು ಕಂಡಿತ್ತು.

ಮೇಡಂ ಅವರದು ಟ್ರಿಪಲ್ ನೆಗೆಟಿವ್ ಅನ್ನುವ ಬಗೆಯ ಕ್ಯಾನ್ಸರ್. ಬೇರೆ ಸ್ತನ ಕ್ಯಾನ್ಸರುಗಳಿಗೆ ಹಾರ್ಮೋನಿನ ಮಾತ್ರೆ ಕೆಲಸ ಮಾಡುತ್ತದೆ, ಗುರಿ ಹಿಡಿದು ಹೊಡೆಯುವ ಚುಚ್ಚುಮದ್ದುಗಳಿವೆ. ಇದು ಅವಕ್ಕೆಲ್ಲ ಬಗ್ಗುವುದಿಲ್ಲ. ಮಿದುಳಿಗೆ ಹಬ್ಬಿತೆಂದರೆ ಇಡೀ ತಲೆಗೆ ಕಿರಣ ಕೊಟ್ಟು ಕೈಮುಗಿಯುವುದೇ ನಾನು ಕಲಿಯುವಾಗಿನ ರೂಢಿಯಾಗಿತ್ತು.

ಮರುದಿನ ನಮ್ಮ ಆಸ್ಪತ್ರೆಯ ಟ್ಯೂಮರ್ ಬೋರ್ಡ್, ಅಂದರೆ ಎಲ್ಲ ವಿಭಾಗದ ಡಾಕ್ಟರುಗಳು ಒಟ್ಟಿಗೆ ಕೂತು ಒಬ್ಬೊಬ್ಬ ರೋಗಿಯ ಬಗ್ಗೆ ತೀರ್ಮಾನಿಸುವ ಸಭೆ. ಚಿತ್ರಗಳನ್ನು ಗೋಡೆಯ ಮೇಲೆ ಬಿಟ್ಟೆ. ನಮ್ಮ ನರಶಸ್ತ್ರಚಿಕಿತ್ಸಕರು ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರು. "ಹಿಂದಿನದನ್ನ ನಾನು ತೆಗೀಬಹುದು. ಉಳಿದ ಮೂರಕ್ಕೆ ಏನು ಮಾಡ್ತೀರಿ? ಇಡೀ ತಲೆಗೆ ಕೊಟ್ಟುಬಿಡಿ. ಎಷ್ಟು ದಿನ ಅಂತ ಒದ್ದಾಡಿಸ್ತೀರಿ ಆಯಮ್ಮನ್ನ?" ಎಂದರು.

ಇಡೀ ತಲೆಗೆ ಕೊಟ್ಟರೆ ಗಂಟುಗಳ ಜೊತೆ ನೆನಪಿಗೂ ಪೆಟ್ಟು ಬೀಳುತ್ತದೆ. ತಿಂಗಳುಗಳು ಕಳೆದಂತೆ ಮಾತಿನ ಮಧ್ಯೆ ಪದ ಸಿಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಪಾಠ ಮಾಡುವವರ ಪಾಲಿಗೆ ಅದೇನೆಂದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕ್ಯಾನ್ಸರ್ ಔಷಧಿ ವಿಭಾಗದ ನನ್ನ ಸಹೋದ್ಯೋಗಿ ಕಾಗದವೊಂದನ್ನು ಮೇಜಿನ ಮೇಲೆ ತಳ್ಳಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಹಳೆಯ ಗಂಟಿನ ಚೂರನ್ನು ಅವರು ಇನ್ನೊಮ್ಮೆ ಪರೀಕ್ಷೆಗೆ ಕಳಿಸಿದ್ದರು. ಇಮ್ಯುನೋಥೆರಪಿಗೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಔಷಧಿಗೆ, ಸ್ಪಂದಿಸಬಹುದಾದ ಗುರುತು ಅದರಲ್ಲಿ ಚೆನ್ನಾಗಿಯೇ ಇತ್ತು.

"ಇಮ್ಯುನೋ ಶುರು ಮಾಡ್ತೀನಿ. ನಾಲ್ಕಕ್ಕೂ ನೀವು ಗುರಿ ಹಿಡಿದು ಕಿರಣ ಕೊಡ್ತೀರಾ? ಅದೇ ವಾರದಲ್ಲಿ?" ಎಂದು ನನ್ನನ್ನು ಕೇಳಿದರು.

"ಕೊಡ್ತೀನಿ" ಎಂದೆ. ಗುರಿ ಹಿಡಿದ ಕಿರಣವನ್ನು ಕೆಲವು ರೋಗಿಗಳಿಗೆ ನಾವು ಕೊಟ್ಟಿದ್ದೆವು, ಇಮ್ಯುನೋಥೆರಪಿಯನ್ನು ಬೇರೆ ಕೆಲವರಿಗೆ ಅವರು ಕೊಟ್ಟಿದ್ದರು. ಮಿದುಳಿಗೆ ಹಬ್ಬಿದ ಸ್ತನ ಕ್ಯಾನ್ಸರಿಗೆ ಎರಡನ್ನೂ ಒಟ್ಟಿಗೆ ಕೊಟ್ಟಿದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಹೊರಗೆ ಬರುತ್ತಿದ್ದ ವರದಿಗಳು ಚಿಕ್ಕಪುಟ್ಟ ಗುಂಪುಗಳದು, ಆದರೆ ಹುರುಪು ತರುವಂಥವು. ಕೊನೆಯ ಮಾತು ಅನ್ನುವಂಥದ್ದನ್ನು ಯಾರೂ ಹೇಳಿರಲಿಲ್ಲ. ಅಪಾಯವೂ ಇತ್ತು: ಎರಡೂ ಸೇರಿದಾಗ ಕಿರಣ ಬಿದ್ದ ಜಾಗ ವಿಪರೀತ ಊದಿಕೊಳ್ಳಬಹುದು, ಅಲ್ಲಿನ ಅಂಗಾಂಶ ಸಾಯಬಹುದು. ನರಶಸ್ತ್ರಚಿಕಿತ್ಸಕರು ಕನ್ನಡಕ ತೆಗೆದು ಒರೆಸಿಕೊಂಡರು. "ಊದಿಕೊಂಡ್ರೆ ನನ್ನ ಹತ್ರಾನೇ ಬರ್ತೀರಿ. ಬನ್ನಿ" ಎಂದಷ್ಟೇ ಹೇಳಿ ಒಪ್ಪಿದರು.

ಮೇಡಂಗೆ ಮತ್ತು ಯಜಮಾನರಿಗೆ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ನಮ್ಮ ದೇಹಕ್ಕೆ ಅದರದೇ ಕಾವಲಿನ ಜೀವಕೋಶಗಳಿವೆ, ಕ್ಯಾನ್ಸರ್ ಅವುಗಳ ಕೈಗೆ ಒಂಥರಾ ಕೋಳ ತೊಡಿಸಿರುತ್ತದೆ, ಈ ಔಷಧಿ ಆ ಕೋಳ ಬಿಚ್ಚುತ್ತದೆ ಎಂದೆ. ಕಿರಣ ಗಂಟನ್ನು ಒಡೆದಾಗ ಅದರ ಚೂರುಪಾರು ರಕ್ತಕ್ಕೆ ಸೇರಿ, ಶತ್ರು ಹೇಗಿದ್ದಾನೆಂದು ಕಾವಲಿನವರಿಗೆ ಗೊತ್ತಾಗಬಹುದು ಎಂದೆ.

ಮೇಡಂ ಕಣ್ಣರಳಿಸಿ ಕೇಳುತ್ತಿದ್ದರು. "ಅಂದ್ರೆ ಡಾಕ್ಟ್ರೇ, ಕಿರಣ ಕಳ್ಳನ ಮುಖಕ್ಕೆ ಟಾರ್ಚ್ ಬಿಟ್ಟ ಹಾಗೆ. ಔಷಧಿ ಪೊಲೀಸಿನೋರ ಕೈ ಬಿಚ್ಚಿದ ಹಾಗೆ. ಹೌದೋ?"

"ಹೆಚ್ಚುಕಡಿಮೆ ಹೌದು. ಟಾರ್ಚು ಕಳ್ಳನನ್ನ ಸುಡುತ್ತೆ ಕೂಡ."

"ಹಂಗಿದ್ರೆ ಎರಡೂ ಒಂದೇ ಸಲ ಇರಬೇಕಲ್ಲ! ಇವತ್ತು ಟಾರ್ಚು ಬಿಟ್ಟು ಮುಂದಿನ ವರ್ಷ ಪೊಲೀಸಿನೋರು ಬಂದ್ರೆ ಏನುಪಯೋಗ?"

"ಅದಕ್ಕೇ ಒಂದೇ ವಾರದಲ್ಲಿ ಮಾಡೋಣ ಅಂತಿರೋದು."

ಅವರು ಚಪ್ಪಾಳೆ ತಟ್ಟಿಬಿಟ್ಟರು. ಕ್ಯಾನ್ಸರ್ ಮಿದುಳಿಗೆ ಹೋಗಿದೆ ಎಂದು ಕೇಳಿ ಐದು ನಿಮಿಷವೂ ಆಗಿರದ ಹೆಂಗಸು! ಯಜಮಾನರು ಹೆಂಡತಿಯ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಇವಳಿಗೆ ಲೆಕ್ಕ ಅರ್ಥ ಆಗ್ಬುಟ್ರೆ ಸಾಕು, ಹೆದರಿಕೆ ಮರ್ತೋಯ್ತದೆ. ನಂಗೆ ಅದೂ ಇಲ್ಲ" ಎಂದರು. ಊದಿಕೊಳ್ಳುವ ಅಪಾಯದ ಬಗ್ಗೆ ಅವರೇ ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು. ಔಷಧಿ ದುಬಾರಿಯದು, ತಯಾರಕರ ನೆರವಿನ ಯೋಜನೆಯೊಂದರಲ್ಲಿ ಅದು ಸಿಗುವಂತೆ ನನ್ನ ಸಹೋದ್ಯೋಗಿ ಓಡಾಡಿ ಏರ್ಪಾಟು ಮಾಡಿದರು.

ಮೊದಲ ತೊಡಕು ಸ್ಟೀರಾಯ್ಡಿನದು. ಮಿದುಳಿನ ಬಾವನ್ನು ಇಳಿಸಲು ಅದು ಸಂಜೀವಿನಿ. ಕೊಟ್ಟ ಮರುದಿನವೇ ಮೇಡಂ ತಲೆನೋವು ಹೋಗಿ ಗಡದ್ದಾಗಿ ಊಟ ಮಾಡಿದ್ದರು. ಆದರೆ ಸ್ಟೀರಾಯ್ಡ್ ಕಾವಲಿನ ಜೀವಕೋಶಗಳನ್ನು ಜೋಗುಳ ಹಾಡಿ ಮಲಗಿಸುತ್ತದೆ. ಒಂದು ಕೈಯಲ್ಲಿ ಎಬ್ಬಿಸುವ ಔಷಧಿ, ಇನ್ನೊಂದರಲ್ಲಿ ಮಲಗಿಸುವ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ. ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆವು. ತಲೆನೋವು ಮರಳಿತು. ದಿನಾ ಬೆಳಗ್ಗೆ ಅವರಿಗೆ ಫೋನ್ ಮಾಡಿ ಕೇಳುತ್ತಿದ್ದೆ. "ತಡೀಬಹುದು ಡಾಕ್ಟ್ರೇ. ಒಂಬತ್ತನೇ ಕ್ಲಾಸಿನ ಗಲಾಟೆಗಿಂತ ಕಮ್ಮಿ ಐತೆ" ಎನ್ನುತ್ತಿದ್ದರು.

ಈ ನಡುವೆ ನಮ್ಮ ತಯಾರಿ ನಡೆದಿತ್ತು. ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು ಮುಖಕ್ಕೆ ಅಚ್ಚು ಮಾಡುತ್ತೇವೆ. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಎಳೆದರೆ ಮೂಗು, ಹುಬ್ಬು, ಗಲ್ಲದ ಆಕಾರಕ್ಕೇ ಗಟ್ಟಿಯಾಗುತ್ತದೆ. ಅದನ್ನು ಹಾಕಿಕೊಂಡೇ ಸಿ.ಟಿ. ಸ್ಕ್ಯಾನ್. ಆ ಚಿತ್ರದ ಮೇಲೆ ಎಂಆರ್‌ಐ ಚಿತ್ರವನ್ನು ಕೂರಿಸಿ, ನಾಲ್ಕೂ ಗಂಟುಗಳ ಅಂಚನ್ನು ಪದರಪದರವಾಗಿ ನಾನು ಗೆರೆ ಎಳೆದೆ. ಆಮೇಲೆ ಕೆಲಸ ನಮ್ಮ ಫಿಸಿಸಿಸ್ಟ್ ಕೈಗೆ. ಕಿರಣ ಯಾವ ಕೋನದಿಂದ, ಎಷ್ಟು ಪ್ರಮಾಣದಲ್ಲಿ ಬರಬೇಕೆಂದು ಲೆಕ್ಕ ಹಾಕುವವರು ಅವರು. ಮೂರು ಚಿಕ್ಕವಕ್ಕೆ ಒಂದೇ ಸಲದ ಭಾರಿ ಪ್ರಮಾಣ. ಹಿಂದಿನ ದೊಡ್ಡದಕ್ಕೆ ಅಷ್ಟು ಒಮ್ಮೆಲೇ ಕೊಟ್ಟರೆ ಕಷ್ಟವೆಂದು ಮೂರು ಕಂತು.

ತೊಗರಿಕಾಳಿನಂಥದು ನಮ್ಮಿಬ್ಬರನ್ನೂ ಸತಾಯಿಸಿತು. ಬಲಗೈಯನ್ನು ಆಳುವ ಭಾಗಕ್ಕೆ ಅದು ಅಂಟಿಕೊಂಡೇ ಇತ್ತು. ಫಿಸಿಸಿಸ್ಟ್ ಮಾಡಿದ ಮೊದಲ ಯೋಜನೆಯನ್ನು ನಾನು ಒಪ್ಪಲಿಲ್ಲ. ಎರಡನೆಯದನ್ನು ಅವರೇ ಅಳಿಸಿದರು. ಮೂರನೆಯದರಲ್ಲಿ ರೋಗಿ ಮಲಗುವ ಮಂಚದ ಕೋನವನ್ನೇ ಬದಲಿಸಿ, ಕಿರಣಗಳು ಕೈಯ ಭಾಗವನ್ನು ಪಕ್ಕಕ್ಕೆ ಬಿಟ್ಟು ಹಾಯುವಂತೆ ಮಾಡಿದರು. ಪರದೆಯ ಮೇಲೆ ಬಣ್ಣದ ಗೆರೆಗಳು ಕಾಳಿನ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಅಂಚು ದಾಟಿದ ಕೂಡಲೇ ಕಡಿದಾಗಿ ಇಳಿದುಹೋಗಿದ್ದವು. ಇಬ್ಬರೂ ಕುರ್ಚಿಯಿಂದ ಎದ್ದು ನಿಂತಿದ್ದೆವು. "ಬಂತು ಕಣ್ರೀ!" ಎಂದು ಅವರು ಮೇಜು ಕುಟ್ಟಿದರು. ಅದೇ ಯೋಜನೆಯನ್ನು ಪ್ಲಾಸ್ಟಿಕ್ ತಲೆಯೊಂದರ ಮೇಲೆ ನಡೆಸಿ, ಒಳಗಿಟ್ಟ ಫಿಲ್ಮಿನಲ್ಲಿ ಕಿರಣ ಬಿದ್ದ ಜಾಗವನ್ನು ಅಳೆದೆವು. ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಿದ್ದಿತ್ತು.

ಸೋಮವಾರ ಇಮ್ಯುನೋಥೆರಪಿಯ ಮೊದಲ ಡ್ರಿಪ್ ಸರಾಗವಾಗಿ ಮುಗಿಯಿತು. ಅದರ ಜೊತೆಗೆ ಕೊಡಬೇಕಾದ ಕೀಮೋವನ್ನು ಕಿರಣ ಮುಗಿದ ಮೇಲೆ ಕೊಡುವುದೆಂದು ಮಾತಾಗಿತ್ತು. ಬುಧವಾರ ಮೇಡಂ ಮಂಚದ ಮೇಲೆ ಮಲಗಿದರು. ಅಚ್ಚು ಹಾಕಿ, ಕಿರಣ ಬಿಡುವ ಮುಂಚಿನ ಸ್ಕ್ಯಾನ್ ತೆಗೆದೆವು. ತಲೆ ತಿರುಗಿತ್ತು. ಸರಿಪಡಿಸಿ ಮತ್ತೆ ತೆಗೆದೆವು. ಈ ಸಲ ಇನ್ನೊಂದು ಕಡೆಗೆ. ನನಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಅಚ್ಚಿನ ಪಕ್ಕದಲ್ಲಿ ಬೆರಳಿಟ್ಟೆ. ಕೆನ್ನೆಯ ಬಳಿ ಬೆರಳು ಸಲೀಸಾಗಿ ಒಳಗೆ ಹೋಯಿತು. ಅಚ್ಚು ಮಾಡಿದಾಗ ಸ್ಟೀರಾಯ್ಡಿನಿಂದ ಅವರ ಮುಖ ಉಬ್ಬಿತ್ತು. ಮಾತ್ರೆ ಇಳಿಸಿದ ಮೇಲೆ ಉಬ್ಬರ ಇಳಿದು ಅಚ್ಚು ಸಡಿಲವಾಗಿತ್ತು.

ತಪ್ಪು ಎರಡು ಮಿಲಿಮೀಟರಿನಷ್ಟು. ಬೇರೆ ಚಿಕಿತ್ಸೆಯಲ್ಲಿ ಅದು ಲೆಕ್ಕಕ್ಕಿಲ್ಲ. ಇಲ್ಲಿ ಅದು ಬಲಗೈ. ಫಿಸಿಸಿಸ್ಟ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಬೇಡವೆಂದು ಕೈಯಾಡಿಸಿದೆ.

"ಏನಾಯ್ತು ಡಾಕ್ಟ್ರೇ?" ಅಚ್ಚು ತೆಗೆದೊಡನೆ ಮೇಡಂ ಕೇಳಿದರು.

"ನೀವು ಸಣ್ಣ ಆಗಿದ್ದೀರಿ ಮೇಡಂ. ಅಚ್ಚು ದೊಡ್ಡದಾಗಿದೆ. ಎಲ್ಲ ಮೊದಲಿಂದ ಮಾಡ್ಬೇಕು."

"ಅಯ್ಯೋ, ಸಣ್ಣ ಆಗಿದ್ದೀನಿ ಅಂತ ಯಾರಾದ್ರೂ ಹೇಳಿ ಎಷ್ಟು ವರ್ಷ ಆಗಿತ್ತು!" ಎಂದು ಮಂಚದ ಮೇಲೇ ನಕ್ಕರು.

ಆವತ್ತೇ ಹೊಸ ಅಚ್ಚು, ಹೊಸ ಸ್ಕ್ಯಾನ್. ಫಿಸಿಸಿಸ್ಟ್ ಊಟಕ್ಕೂ ಏಳದೆ ಯೋಜನೆಯನ್ನು ಹೊಸ ಚಿತ್ರಕ್ಕೆ ಹೊಂದಿಸಿ, ಮತ್ತೆ ಪ್ಲಾಸ್ಟಿಕ್ ತಲೆಯ ಮೇಲೆ ಪರೀಕ್ಷಿಸಿದರು. ಶುಕ್ರವಾರ ತಲೆ ಕೂತಲ್ಲೇ ಕೂತಿತು. ಯಂತ್ರದ ತೋಳು ಮೇಡಂ ಸುತ್ತ ನಿಧಾನಕ್ಕೆ ತಿರುಗುತ್ತಿದ್ದಾಗ ನಾವೆಲ್ಲ ಹೊರಗೆ ಕ್ಯಾಮೆರಾದ ಪರದೆಯ ಮುಂದೆ ನಿಂತಿದ್ದೆವು. ಒಂದು ಮುಗಿಯಿತು, ಎರಡು, ತೊಗರಿಕಾಳು. ಕೊನೆಗೆ ನೆಲ್ಲಿಕಾಯಿಯ ಮೊದಲ ಕಂತು. ಹೊರಬಂದ ಮೇಡಂ ಮುಖದ ಮೇಲೆ ಅಚ್ಚಿನ ಚೌಕಳಿ ಮೂಡಿತ್ತು. "ಇಷ್ಟೇನಾ? ಒಂದು ಸದ್ದಿಲ್ಲ, ಬಿಸಿಯಿಲ್ಲ" ಎಂದು ಅವರಿಗೆ ತುಸು ನಿರಾಸೆಯೇ ಆದಂತಿತ್ತು. ಮುಂದಿನ ವಾರ ಉಳಿದೆರಡು ಕಂತೂ ಮುಗಿದವು. ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ತೆಗೆದ ಎಂಆರ್‌ಐ ನನ್ನನ್ನು ಮತ್ತೆ ನೆಲಕ್ಕಿಳಿಸಿತು. ಬಟಾಣಿಗಳು ಸಾಸಿವೆಯಾಗಿದ್ದವು. ತೊಗರಿಕಾಳು ಹುಡುಕಿದರೂ ಇಲ್ಲ. ಆದರೆ ಹಿಂದಿನ ಗಂಟು ನೆಲ್ಲಿಕಾಯಿಗಿಂತ ದೊಡ್ಡದಾಗಿತ್ತು. ಅಂಚು ಹರಕು, ಸುತ್ತ ಬಾವು. ಮೇಡಂ ಮತ್ತೆ ವಾಲುತ್ತಿದ್ದರು, ಗೋಡೆ ಹಿಡಿದು ನಡೆಯುತ್ತಿದ್ದರು. ಆವತ್ತು ಅವರಿಗೆ ನಗು ಬರಲಿಲ್ಲ. ಯಜಮಾನರು ನನ್ನ ಮೇಜಿನ ಅಂಚನ್ನು ಹಿಡಿದುಕೊಂಡರು. "ಕೈ ಕೊಟ್ಬುಡ್ತಾ ಡಾಕ್ಟ್ರಮ್ಮಾ? ಇದ್ದದ್ದು ಇದ್ದಂಗೇಳಿ."

"ಗೊತ್ತಿಲ್ಲ ಯಜಮಾನ್ರೇ. ಎರಡು ಥರಾ ಇರಬಹುದು. ಗಂಟು ಬೆಳೆದಿರಬಹುದು. ಇಲ್ಲಾ, ಒಳಗೆ ಜಗಳ ಜೋರಾಗಿ ಊದಿಕೊಂಡಿರಬಹುದು. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತೆ."

ಟ್ಯೂಮರ್ ಬೋರ್ಡಿನಲ್ಲಿ ನರಶಸ್ತ್ರಚಿಕಿತ್ಸಕರು ಚಿತ್ರ ನೋಡಿ ತಲೆಯಾಡಿಸಿದರು. "ಬೆಳೆದಿದೆ. ನಾನು ತೆಗೀತೀನಿ, ನೀವು ಆ ಔಷಧಿ ನಿಲ್ಸಿ." ಅವರು ಹೇಳಿದ್ದು ತಪ್ಪೆನ್ನಲು ನನ್ನ ಬಳಿ ಆಧಾರವಿರಲಿಲ್ಲ. ಆದರೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿತ್ತು. ಕತ್ತಿನ ಬುಡದ ಗಂಟಿಗೆ ನಾನು ಕಿರಣ ಕೊಟ್ಟೇ ಇರಲಿಲ್ಲ. ಅದನ್ನು ಬೆರಳಿನಿಂದ ಹುಡುಕಿದ್ದೆ, ಅಲ್ಲಿರಲಿಲ್ಲ. ಮೈಯೊಳಗೆ ಔಷಧಿ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವಾಗ, ಕಿರಣವೂ ಬಿದ್ದ ಜಾಗದಲ್ಲೇ ಕ್ಯಾನ್ಸರ್ ಮೇಲುಗೈ ಸಾಧಿಸೀತೇ?

ಗಂಟಿನೊಳಗೆ ರಕ್ತ ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಬೇರೆ ಬಗೆಯ ಎಂಆರ್‌ಐ ಮಾಡಿಸಿದೆವು. ಬೆಳೆಯುವ ಕ್ಯಾನ್ಸರಿಗೆ ರಕ್ತದ ಹಸಿವು ಜಾಸ್ತಿ, ಚಿತ್ರದಲ್ಲಿ ಕೆಂಪಗೆ ಉರಿಯುತ್ತದೆ. ನಮ್ಮದು ಹೆಚ್ಚಿನ ಕಡೆ ತಣ್ಣಗೆ ನೀಲಿಯಾಗಿತ್ತು. ಆದರೂ ಒಂದು ಮೂಲೆಯಲ್ಲಿ ಸಣ್ಣ ಕೆಂಪು. ಪೂರ್ತಿ ಖಾತ್ರಿ ಯಾರಿಗೂ ಇರಲಿಲ್ಲ.

"ಕಾಯೋಣ. ಇಮ್ಯುನೋ ನಿಲ್ಲಿಸೋದು ಬೇಡ. ಸ್ಟೀರಾಯ್ಡೂ ಬೇಡ. ರಕ್ತನಾಳ ಸೋರೋದನ್ನ ತಡೆಯುವ ಚುಚ್ಚುಮದ್ದು ಕೊಟ್ಟು ಬಾವು ಇಳಿಸೋಣ. ಆರು ವಾರ ಆದ್ಮೇಲೆ ಇನ್ನೊಂದು ಚಿತ್ರ. ಅಷ್ಟರಲ್ಲಿ ಏನಾದ್ರೂ ಹದಗೆಟ್ಟರೆ ಅದೇ ದಿನ ಆಪರೇಷನ್" ಎಂದೆ.

ನರಶಸ್ತ್ರಚಿಕಿತ್ಸಕರು ಡೈರಿ ತೆಗೆದು ಗುರುತು ಹಾಕಿಕೊಂಡರು. "ಥಿಯೇಟರ್ ಖಾಲಿ ಇಟ್ಕೊಂಡಿರ್ತೀನಿ" ಎಂದರು.

ಮೇಡಂ ಮುಂದೆ ಎರಡೂ ದಾರಿಗಳನ್ನು ಇಟ್ಟೆ. ಕಾದರೆ ಕೈಮೀರಬಹುದು, ಕೊಯ್ದರೆ ಬೇಡದ್ದನ್ನು ಕೊಯ್ದಂತಾಗಬಹುದು ಎಂದೆ. ಅವರು ಕತ್ತಿನ ಬುಡವನ್ನು ಬೆರಳಿನಿಂದ ಮುಟ್ಟಿನೋಡಿಕೊಂಡರು. "ಇಲ್ಲಿದ್ದದ್ದು ಹೋಗೈತೆ ಅಂದ್ರೆ ಪೊಲೀಸಿನೋರು ಎದ್ದವ್ರೆ ಅಂತಾಯ್ತು. ಕೆಲ್ಸ ಮಾಡೋರ್ನ ಅರ್ಧಕ್ಕೆ ಮನೆಗೆ ಕಳಿಸೋದು ಸರಿಯಲ್ಲ. ಕಾಯ್ತೀನಿ." ಯಜಮಾನರು ಅವರ ತೋಳು ಹಿಡಿದು ಎಬ್ಬಿಸಿದರು.

ಆ ವಾರಗಳು ಹೇಗೆ ಕಳೆದವೋ. ಹುಳಿಯಾರಿನ ನಂಬರ್ ಫೋನಿನಲ್ಲಿ ಕಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಾರಿಡಾರಿಗೆ ಬಂದು ಎತ್ತುತ್ತಿದ್ದೆ. ಎರಡನೇ ಚುಚ್ಚುಮದ್ದಾದ ಮೇಲೆ ಒಂದು ಬೆಳಗ್ಗೆ ಯಜಮಾನರದೇ ಫೋನು. "ಇವಳು ಗೋಡೆ ಬುಟ್ಟವ್ಳೆ ಡಾಕ್ಟ್ರಮ್ಮಾ. ಅಂಗಳದಾಗೆ ಒಬ್ಬಳೇ ಓಡಾಡ್ತಾವ್ಳೆ. ಬೈದ್ರೂ ಕೇಳಲ್ಲ." ನಾನು ಕಾರಿಡಾರಿನಲ್ಲಿ ನಿಂತಿದ್ದವಳು ಹಾಗೇ ಗೋಡೆಗೊರಗಿದೆ. ಆದರೂ ಚಿತ್ರ ಬರುವವರೆಗೆ ಏನೂ ಹೇಳಬಾರದೆಂದು ಬಾಯಿ ಕಟ್ಟಿಕೊಂಡೆ.

ಎಂಆರ್‌ಐ ಮುಗಿದ ದಿನ ಚಿತ್ರಗಳನ್ನು ನಾನು ತೆರೆಯುವ ಮೊದಲೇ ಫಿಸಿಸಿಸ್ಟ್ ಅವರ ಕಂಪ್ಯೂಟರಿನಲ್ಲಿ ತೆರೆದಿದ್ದರು. ಕೂಗಿದ್ದು ಇಡೀ ವಿಭಾಗಕ್ಕೆ ಕೇಳಿಸಿತು. ಓಡಿದೆ. ಹಳೆಯ ಚಿತ್ರ ಎಡಕ್ಕೆ, ಹೊಸದು ಬಲಕ್ಕೆ. ಹಿಂದಿನ ಗಂಟು ಕುಸಿದು, ಸುಕ್ಕುಗಟ್ಟಿದ ಒಂದು ಕಲೆಯಾಗಿತ್ತು. ಬಾವು ಇಲ್ಲ. ಬಟಾಣಿಗಳೂ ಇಲ್ಲ. ಬಾವು ಇಳಿಸುವ ಚುಚ್ಚುಮದ್ದು ಚಿತ್ರವನ್ನಷ್ಟೇ ಚೆಂದ ಮಾಡಿ ಮೋಸ ಮಾಡುವುದುಂಟು. ಅದಕ್ಕೇ ರಕ್ತದ ಹರಿವಿನ ಚಿತ್ರವನ್ನೂ ನೋಡಿದೆ. ಮೂಲೆಯ ಕೆಂಪು ಆರಿಹೋಗಿತ್ತು. ನರಶಸ್ತ್ರಚಿಕಿತ್ಸಕರನ್ನು ಕರೆದೆವು. ಅವರು ನಿಂತೇ ನೋಡಿದರು, ಆಮೇಲೆ ಕುರ್ಚಿ ಎಳೆದು ಕೂತು ಮತ್ತೆ ಮೊದಲಿಂದ ನೋಡಿದರು. "ಮುಂದಿನ ಸಲ ಇಂಥ ಕೇಸ್ ಬಂದ್ರೆ ನನಗೆ ಮೊದಲೇ ತೋರ್ಸಿ" ಎಂದು ನನ್ನ ಬೆನ್ನು ತಟ್ಟಿ ಹೋದರು.

ಇದು ಗುಣವಾಯಿತು ಎಂದು ನಾನು ಬರೆಯಲಾರೆ. ಮೇಡಂ ಡ್ರಿಪ್‌ಗೆ ಈಗಲೂ ಬರುತ್ತಾರೆ, ಆಗಾಗ ಚಿತ್ರ ತೆಗೆಸುತ್ತಾರೆ, ಥೈರಾಯ್ಡ್ ಕೆಟ್ಟು ಅದಕ್ಕೊಂದು ಮಾತ್ರೆ ನುಂಗುತ್ತಾರೆ. ಅದೂ ಈ ಔಷಧಿಯದೇ ಕಾಣಿಕೆ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗಬೇಕೆಂದಿಲ್ಲ ಎಂದು ಆಮೇಲೆ ಬಂದವರಿಗೆಲ್ಲ ಹೇಳುತ್ತೇನೆ. ಹೇಳುವಾಗಲೂ ಆ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿ ಕಣ್ಣಮುಂದೆ ಬಂದು ದನಿ ಏರಿಬಿಡುತ್ತದೆ.

ಆವತ್ತಿನ ಆ ಚಿತ್ರದ ಫಲಿತಾಂಶವನ್ನು ಮುಖ ನೋಡಿಯೇ ಹೇಳಬೇಕೆಂದು ಫೋನ್ ಮಾಡದೆ ತಿಪಟೂರಿನ ದಿನಕ್ಕೆ ಬರಹೇಳಿದ್ದೆ. ಮೇಡಂ ಚಿತ್ರವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಎಲ್ಲಿ ಏನಿತ್ತು, ಈಗ ಏನಿದೆ ಎಂದು ನನ್ನನ್ನು ಬಿಡದೆ ಕೇಳಿದರು. ಯಜಮಾನರು ಸರ್ರನೆ ಎದ್ದು ಹೊರಗೆ ನಡೆದರು. ನಮಗಿಬ್ಬರಿಗೂ ಗಾಬರಿಯಾಯಿತು.

ಬಾಗಿಲಲ್ಲಿ ನಿಂತು ನೋಡಿದರೆ, ಅವರು ಎದುರಿನ ಗಾಡಿಯವನ ಮುಂದೆ ನಿಂತು ಎಳನೀರು ಕೊಚ್ಚಿಸುತ್ತಿದ್ದರು. ಕಾಯುತ್ತ ಕೂತಿದ್ದ ರೋಗಿಗಳಿಗೆ, ಅವರ ಜೊತೆಯವರಿಗೆ, ನರ್ಸುಗಳಿಗೆ, ಆಟೋದವರಿಗೆ, ಎಲ್ಲರಿಗೂ. ಕೊಬ್ಬರಿಗೆಂದು ಕಾಯಿ ಮರದಲ್ಲೇ ಬಲಿಯಲು ಬಿಡುವ ನಮ್ಮ ಸೀಮೆಯಲ್ಲಿ ಮನೆಯವರೇ ಎಳನೀರು ಕೆಡವಲು ಹಿಂದೆಮುಂದೆ ನೋಡುತ್ತಾರೆ. ತೋಟವಿರುವ ಮನುಷ್ಯ ಬೀದಿಯಲ್ಲಿ ಎಳನೀರು ಕೊಂಡದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಏನ್ರೀ ಇದು! ನಮ್ ತೋಟದಾಗೆ ಎಳನೀರಿಲ್ವೇನ್ರೀ?" ಎಂದು ಮೇಡಂ ಬಾಗಿಲಿಂದಲೇ ಕೂಗಿದರು.

ಯಜಮಾನರು ಎರಡೂ ಕೈಯಲ್ಲಿ ಎಳನೀರು ಹಿಡಿದು ಮೆಟ್ಟಿಲು ಹತ್ತಿ ಬಂದರು. ಕಣ್ಣು, ಕೆನ್ನೆ ಎಲ್ಲ ಒದ್ದೆಯಾಗಿತ್ತು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಹೆಂಡತಿಯ ಕೈಗಿಟ್ಟು ಹೇಳಿದರು:

"ತೋಟ ಕೆಂಕೆರೇಲೈತೆ ಕಣೇ. ಖುಷಿ ಇಲ್ಲಾಗೈತೆ. ಅಲ್ಲೀಗಂಟ ತಡ್ಕಳಕ್ಕಾಯ್ತದಾ? ಕುಡಿ."